ದೇವಾಪುರ ಲೈನಿನ ಹಸಿರು ಬಟನ್

ಒಂಬತ್ತು ಬಟನ್‌ಗಳಿಗೆ ಬಣ್ಣ ಹಚ್ಚುವುದು ಎಷ್ಟು ಹೊತ್ತಿನ ಕೆಲಸ ಎಂದು ಮ್ಯಾನೇಜರ್ ಸಾಹೇಬರು ಫೋನಿನಲ್ಲಿ ಕೇಳಿದಾಗ ನಾನು ಯೋಚನೆ ಕೂಡ ಮಾಡದೆ, "ಒಂದು ಮಧ್ಯಾಹ್ನ ಸಾಕ್ರಿ" ಎಂದಿದ್ದೆ. ಅದು ಹದಿಮೂರು ದಿನ ಹಿಡಿಯಿತು. ಬಣ್ಣಕ್ಕೆ ಹೋದದ್ದು ಬಹಳವೆಂದರೆ ಐದಾರು ದಿನ. ಮಿಕ್ಕದ್ದು ನನಗೆ ಬುದ್ಧಿ ಬರಲು ಹಿಡಿದ ಕಾಲ.

ಕಚೇರಿ ಇರುವುದು ಸುರಪುರದಲ್ಲಿ. ಕೃಷ್ಣಾ ನದಿಯ ಕಡೆಗಿನ ಒಂಬತ್ತು ಪಂಪ್‌ಹೌಸ್‌ಗಳ ಮೋಟಾರು, ತಂತಿ, ಕಂಬ ನೋಡಿಕೊಳ್ಳುವ ಒಂದು ಖಾಸಗಿ ಗುತ್ತಿಗೆ ಕಂಪನಿ. ಕಚೇರಿಯ ಹಿಂದೆ ಒಂದು ತಗಡಿನ ಶೆಡ್ಡು, ಅದರಲ್ಲಿ ಒಂಬತ್ತು ಸ್ವಿಚ್ ಪೆಟ್ಟಿಗೆ. ಒಂದೊಂದು ಪೆಟ್ಟಿಗೆಯಿಂದ ಒಂದೊಂದು ಪಂಪ್‌ಹೌಸಿಗೆ ಲೈನು ಹೋಗುತ್ತದೆ. ತಂತಿ ರಿಪೇರಿ ಬಂದರೆ ಮೊದಲು ಆ ಲೈನ್ ಬಂದ್ ಮಾಡಬೇಕು, ಆಮೇಲೆ ಲೈನ್‌ಮನ್ ಕಂಬ ಹತ್ತಬೇಕು. ಯಾವ ಲೈನ್ ಯಾವಾಗ ಬಂದ್ ಆಯಿತು, ಕೆಲಸಕ್ಕೆ ಹೋದವರು ಯಾರು, ಮತ್ತೆ ಚಾಲೂ ಆದದ್ದು ಯಾವಾಗ, ಇದನ್ನೆಲ್ಲ ಬರೆದಿಡಲು ಎರಡು ವರ್ಷದ ಹಿಂದೆ ನಾನೇ ಒಂದು ಡೇಟಾಬೇಸ್ ಮಾಡಿಕೊಟ್ಟಿದ್ದೆ. ತೆರೆದ ಕೂಡಲೇ ಮೆನು ಬರುತ್ತದೆ. ಅದರಲ್ಲಿ ಒಂಬತ್ತು ಬೂದು ಬಟನ್. ಒತ್ತಿದರೆ ಆ ಲೈನಿನ ಫಾರ್ಮ್ ತೆರೆಯುತ್ತದೆ.

ಈಗ ಸಾಹೇಬರಿಗೆ ಬೂದು ಬೇಸರವಾಗಿತ್ತು. "ಬಟನ್ ಒತ್ತಿ ಒಳಗ ಹೋಗಿ ಯಾರ್ ನೋಡ್ತಾರ್ರಿ ಮೇಡಂ. ಮೆನುದಾಗೇ ಕಾಣಬೇಕು, ಯಾವ್ದು ಚಾಲೂ ಅದ, ಯಾವ್ದು ಬಂದ್ ಅದ, ಯಾವ ಲೈನ್ ಮ್ಯಾಲ ಮನಷ್ಯಾ ಅದಾನ. ಕಂಪನಿ ಮಂದಿ ಯಾದಗಿರಿಗೆ ರೈಲಿಗೆ ಬಂದು ಇಲ್ಲಿಗೆ ಬರಾವ್ರದಾರ. ಬಾಗಿಲದಾಗ ನಿಂತು ನೋಡಿದ್ರೂ ತಿಳೀಬೇಕು."

ಬೇಡಿಕೆ ಸರಿಯಾಗಿಯೇ ಇತ್ತು. ಶಹಾಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. ಮಕ್ಕಳು ಹೋದ ಮೇಲೆ ಅಲ್ಲೇ ಕುಳಿತು ಕೋಡ್ ಬರೆದೆ. ಪ್ರತಿ ಬಟನ್ನಿನ ಟ್ಯಾಗ್ ಎಂಬ ಜಾಗದಲ್ಲಿ ಅದರ ಲೈನ್ ನಂಬರ್ ಇಟ್ಟೆ. ಕೋಡ್ ಒಂದೊಂದೇ ಬಟನ್ ಹಿಡಿದು, ಟ್ಯಾಗ್ ಓದಿ, ಟೇಬಲ್ಲಿನಲ್ಲಿ ಆ ಲೈನಿನ ಸ್ಥಿತಿ ಏನೆಂದು ಕೇಳಿ, ಅದಕ್ಕೆ ತಕ್ಕ ಬಣ್ಣ ಹಚ್ಚಬೇಕು. ಚಾಲೂ ಇದ್ದರೆ ಹಸಿರು, ಬಂದ್ ಇದ್ದರೆ ಕೆಂಪು, ಮನುಷ್ಯ ಕೆಲಸದಲ್ಲಿದ್ದರೆ ಹಳದಿ. ಇದರಲ್ಲಿ ಕೇಳುವುದೇನಿದೆ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ.

ಮೊದಲ ಸಲ ಓಡಿಸಿದಾಗ ಕೆಂಪು ಬರಬೇಕಾದ ಕಡೆ ಅಚ್ಚ ನೀಲಿ ಬಂತು. ವೆಬ್‌ಸೈಟುಗಳಲ್ಲಿ ಬಣ್ಣದ ನಂಬರ್ ಬರೆಯುವಾಗ ಕೆಂಪಿನ ಪಾಲು ಮೊದಲು, ನೀಲಿಯದು ಕೊನೆಗೆ. ನಮ್ಮ ಈ ಸಾಫ್ಟ್‌ವೇರ್ ಅದನ್ನು ಹಿಂದುಮುಂದಾಗಿ ಓದುತ್ತದೆ. ನಾನು ವೆಬ್‌ನಿಂದ ನಂಬರ್ ಎತ್ತಿ ಹಾಗೇ ಅಂಟಿಸಿದ್ದೆ. ಮಕ್ಕಳಿಗೆ ಎಷ್ಟೋ ಸಲ ಇದನ್ನೇ ಹೇಳಿಕೊಟ್ಟವಳು ನಾನು, ನಾನೇ ಮುಗ್ಗರಿಸಿದೆ. ಆ ನಂಬರ್‌ಗಳನ್ನು ಕೋಡಿನಿಂದ ಕಿತ್ತು ಒಂದು ಪುಟ್ಟ ಟೇಬಲ್ಲಿನಲ್ಲಿ ಇಟ್ಟೆ. ಸ್ಥಿತಿ ಒಂದು ಕಾಲಮ್ಮು, ಬಣ್ಣ ಒಂದು ಕಾಲಮ್ಮು. ನಾಳೆ ಯಾರಾದರೂ ಬಣ್ಣ ಬದಲಿಸು ಎಂದರೆ ಕೋಡ್ ಮುಟ್ಟುವುದೇ ಬೇಡ, ಟೇಬಲ್ ತಿದ್ದಿದರೆ ಆಯಿತು.

ಅಮ್ಮಿ ಚಹಾ ತಂದಿಟ್ಟು ಪರದೆಯನ್ನೇ ನೋಡಿದಳು. "ಕ್ಯಾ ಗೇ, ದಿನ್ ಭರ್ ರಂಗಾಂಚ್ ಲಗಾರೀ?" ದಿನವಿಡೀ ಬಣ್ಣವನ್ನೇ ಹಚ್ಚುತ್ತಿರುವೆಯಾ ಎಂದು. ಹೌದು ಎಂದೆ. ಅವಳು ನಕ್ಕು ಒಳಗೆ ಹೋದಳು.

ಸುರಪುರದ ಬಸ್ಸು ಹತ್ತಿ ಹೋಗಿ ಅಲ್ಲಿನ ಕಂಪ್ಯೂಟರಿನಲ್ಲಿ ಓಡಿಸಿದರೆ ಬಣ್ಣವೂ ಇಲ್ಲ ಮಣ್ಣೂ ಇಲ್ಲ. ಈ ವಸ್ತುವಿಗೆ ಅಂಥ ಗುಣವೇ ಇಲ್ಲ ಎಂಬ ಸಂದೇಶ ಬಂದು ನಿಂತಿತು. ಅಲ್ಲಿದ್ದದ್ದು ಅದೇ ಸಾಫ್ಟ್‌ವೇರಿನ ಹಳೇ ಆವೃತ್ತಿ. ಅದರಲ್ಲಿ ಬಟನ್‌ಗೆ ಹಿನ್ನೆಲೆ ಬಣ್ಣವೇ ಇರುವುದಿಲ್ಲ. ಬೂದಾಗಿ ಹುಟ್ಟಿ ಬೂದಾಗಿಯೇ ಇರುತ್ತದೆ. ಹೊಸ ಆವೃತ್ತಿ ಹಾಕಲು ಆ ಕಂಪ್ಯೂಟರಿಗೆ ತಾಕತ್ತಿರಲಿಲ್ಲ.

ಇದಕ್ಕೆ ಹಳಬರ ಒಂದು ಉಪಾಯವಿದೆ. ಬಟನ್ನನ್ನು ಪಾರದರ್ಶಕ ಮಾಡಿ, ಅದರ ಕೆಳಗೆ ಅದೇ ಅಳತೆಯ ಲೇಬಲ್ ಇಡುವುದು. ಲೇಬಲ್‌ಗೆ ಬಣ್ಣ ಹತ್ತುತ್ತದೆ, ಒತ್ತಿದ್ದು ಮಾತ್ರ ಮೇಲಿನ ಬಟನ್‌ಗೆ ತಾಗುತ್ತದೆ. ಒಂಬತ್ತು ಲೇಬಲ್‌ಗಳನ್ನು ಕೈಯಿಂದ ಕೂರಿಸಿದರೆ ಒಂದು ಮೇಲೆ ಒಂದು ಕೆಳಗೆ ಆಗುತ್ತಿತ್ತು. ಆದ್ದರಿಂದ ಬಟನ್ನಿನ ಎಡ, ಮೇಲು, ಅಗಲ, ಎತ್ತರ ಓದಿ ಲೇಬಲ್‌ಗೆ ಕೊಡುವ ನಾಲ್ಕು ಸಾಲು ಬರೆದೆ. ಪಾರದರ್ಶಕ ಬಟನ್ ಮೇಲೆ ಅಕ್ಷರ ಕಾಣುವುದಿಲ್ಲವಾದ್ದರಿಂದ ಲೈನಿನ ಹೆಸರೂ ಲೇಬಲ್ಲಿಗೇ ಹೋಯಿತು. ಅದರ ಪಕ್ಕ 'ಚಾಲೂ', 'ಬಂದ್' ಎಂದು ಬರೆಯೋಣವೇ ಎಂದು ಒಂದು ಗಳಿಗೆ ಯೋಚಿಸಿ ಬಿಟ್ಟೆ. ಬಣ್ಣವೇ ಹೇಳುವಾಗ ಅಕ್ಷರದ ಗದ್ದಲ ಯಾಕೆ ಎನ್ನುವುದು ನನ್ನ ಶೋಕಿ.

ಇನ್ನೊಂದು ತೊಡಕು ಉಳಿದಿತ್ತು. ಲೈನಿನ ಫಾರ್ಮಿನಲ್ಲಿ ಬಂದ್ ಎಂದು ಬರೆದು ಮೆನುಗೆ ಮರಳಿದರೆ ಹಳೇ ಬಣ್ಣವೇ ಇರುತ್ತಿತ್ತು. ಮೆನು ತೆರೆಯುವಾಗ ಮಾತ್ರ ಕೋಡ್ ಓಡುತ್ತಿತ್ತು, ಮರಳಿ ಬಂದಾಗ ಅಲ್ಲ. ಮರಳಿದಾಗಲೂ, ಜೊತೆಗೆ ನಿಮಿಷಕ್ಕೊಮ್ಮೆ ತಾನಾಗಿಯೂ ಓಡುವಂತೆ ಮಾಡಿದೆ. ಆರನೆಯ ದಿನ ಮಧ್ಯಾಹ್ನ ಒಂಬತ್ತೂ ಬಟನ್ ಹೇಳಿದ ಮಾತು ಕೇಳತೊಡಗಿದವು. ನನಗೆ ಹೆಮ್ಮೆಯಾಯಿತು ಎನ್ನಲು ಸಂಕೋಚವೇನಿಲ್ಲ.

ಅಲ್ಲಿ ಪರದೆ, ಶೆಡ್ಡು ಎರಡನ್ನೂ ನೋಡಿಕೊಳ್ಳುವ ಆಪರೇಟರ್ ನನ್ನ ಕ್ಲಾಸಿನಲ್ಲೇ ಕಲಿತವಳು, ಈಗ ಎರಡು ಮಕ್ಕಳ ತಾಯಿ. ಅವಳ ಮೇಜಿನ ಹಿಂದಿನ ಗೋಡೆಯಲ್ಲಿ ಒಂದು ಹಲಗೆಯಿತ್ತು, ಅದಕ್ಕೆ ಒಂಬತ್ತು ಮೊಳೆ. ಲೈನ್ ಚಾಲೂ ಇದ್ದಾಗ ಅದರ ಕೀಲಿಕೈ ಶೆಡ್ಡಿನ ಪೆಟ್ಟಿಗೆಯಲ್ಲೇ ಸಿಕ್ಕಿಕೊಂಡಿರುತ್ತದೆ, ಕೀಳಲು ಬರುವುದಿಲ್ಲ. ಬಂದ್ ಮಾಡಿ ಬೀಗ ಹಾಕಿದರೆ ಮಾತ್ರ ಹೊರಗೆ ಬರುತ್ತದೆ. ಅದನ್ನು ತಂದು ಅವಳು ಮೊಳೆಗೆ ಹಾಕುತ್ತಾಳೆ. ಲೈನ್‌ಮನ್ ಬಂದು ಕೀಲಿಕೈಯನ್ನು ಕಿಸೆಗೆ ಹಾಕಿಕೊಂಡು, ಅದೇ ಮೊಳೆಗೆ ತನ್ನ ನಂಬರಿನ ತಗಡಿನ ಬಿಲ್ಲೆ ಸಿಕ್ಕಿಸಿ, ಚೀಟಿ ಬರೆಸಿಕೊಂಡು ಹೋಗುತ್ತಾನೆ. ಅವನು ಮರಳುವ ತನಕ ಆ ಲೈನನ್ನು ಯಾರೂ ಚಾಲೂ ಮಾಡಲಾರರು.

ಆ ಹಲಗೆ ನನ್ನ ಕಣ್ಣಿಗೆ ಹಳೇ ಕಾಲದ ಸಾಮಾನಿನಂತೆ ಕಂಡಿತು. "ಇನ್ನ ಈ ಮೊಳಿ, ಚೀಟಿ ಎಲ್ಲಾ ಯಾಕ್ರಿ ಸಾಹೇಬ್ರ," ಎಂದು ಹೇಳಿದವಳು ನಾನೇ. "ಪರದೆ ನೋಡಿದ್ರ ಎಲ್ಲಾ ಕಾಣ್ತದಲ್ರಿ." ಸಾಹೇಬರಿಗೆ ಮಾತು ಹಿಡಿಸಿತು. ಮರುದಿನದಿಂದ ಪರದೆ ನೋಡಿಯೇ ಕೆಲಸಕ್ಕೆ ಹೋಗಬೇಕು, ಕೀಲಿ, ಚೀಟಿ ಬೇಕಿಲ್ಲ ಎಂದು ಎಲ್ಲ ಲೈನ್‌ಮನ್‌ಗಳಿಗೂ ಹೇಳಿಬಿಟ್ಟರು.

ಮರುದಿನ, ಅಂದರೆ ಏಳನೆಯ ದಿನ, ಬೆಳಿಗ್ಗೆ ಹತ್ತು ಗಂಟೆಗೆ ನಾನು ಆಪರೇಟರ್ ಕುರ್ಚಿಯಲ್ಲಿ ಕುಳಿತು ಹಳದಿಯ ಮೇಲಿನ ಬಿಳಿ ಅಕ್ಷರವನ್ನು ಕಪ್ಪು ಮಾಡುತ್ತಿದ್ದೆ. ಆಪರೇಟರ್ ನೀರು ತುಂಬಿಕೊಳ್ಳಲು ಹೋಗಿದ್ದಳು. ಹಿರಿಯ ಲೈನ್‌ಮನ್ ಒಳಗೆ ಬಂದರು. ದೇವಾಪುರದವರು, ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಅಂದು ದೇವಾಪುರ ಲೈನಿನಲ್ಲಿ ಒಂದು ಕಂಬದ ಮೇಲೆ ತಂತಿ ಕೂರಿಸುವ ಬಿಳಿ ಪಿಂಗಾಣಿ ಒಡೆದಿತ್ತು, ಬದಲಿಸಬೇಕಿತ್ತು. ಲೈನ್ ಬಂದ್ ಮಾಡಲು ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದರಂತೆ. ಅವರು ನನ್ನ ಭುಜದ ಮೇಲಿಂದ ಪರದೆ ನೋಡಿದರು.

"ದೇವಾಪುರ ಹಸರ ಅದಲ್ಲ, ತಂಗಿ?"

"ಹೌದ್ರಿ ಕಾಕಾ, ಹಸರು," ಎಂದೆ. ನನ್ನ ಬಣ್ಣ ದೂರದಿಂದಲೂ ಕಾಣುತ್ತದೆಯೇ ಎಂದು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡೆ.

ಕೀಲಿ ಬೇಕಿಲ್ಲ ಎಂದು ಹೇಳಿದ್ದರಿಂದ ಅವರು ಅದನ್ನು ಹುಡುಕಲಿಲ್ಲ, ರೂಢಿಯಂತೆ ದೇವಾಪುರದ ಮೊಳೆಗೆ ತಮ್ಮ ಬಿಲ್ಲೆ ಸಿಕ್ಕಿಸಿ, ಸಾಮಾನಿನ ಚೀಲ ಹೆಗಲಿಗೆ ಹಾಕಿ ಹೊರಟರು. ಆಪರೇಟರ್ ಒಳಗೆ ಬಂದವಳು ಹಲಗೆ ನೋಡಿ ಅಲ್ಲೇ ನಿಂತಳು.

"ಅಕ್ಕಾವ್ರ, ಕಾಕಾನ ಬಿಲ್ಲಿ ಇಲ್ಲ್ಯಾಕ ಅದ? ನಾ ಇನ್ನಾ ಲೈನ್ ಬಂದ್ ಮಾಡೇ ಇಲ್ರಿ. ದೇವಾಪುರ ಚಾಲೂ ಅದ."

ಆಗಲೂ ನನಗೆ ತಿಳಿಯಲಿಲ್ಲ. ಹಸಿರು ಇದೆಯಲ್ಲ, ಚಾಲೂ ಎಂದು ಕಾಣುತ್ತಿದೆಯಲ್ಲ, ಅವರು ನೋಡಿಯೇ ಹೋದರಲ್ಲ ಎನ್ನುತ್ತಲೇ ಎದ್ದೆ. ಎದ್ದವಳು ಓಡಿದೆ. ಚಪ್ಪಲಿ ಮೇಜಿನ ಕೆಳಗೇ ಉಳಿದವು. ಕಾಕಾ ಗೇಟಿನ ಹೊರಗೆ ಬೈಕಿಗೆ ಕಿಕ್ ಹೊಡೆಯುತ್ತಿದ್ದರು. ಆ ಬೈಕು ಮೂರು ಕಿಕ್ಕಿಗೆ ಎಂದೂ ಎದ್ದದ್ದಿಲ್ಲವಂತೆ. ನಾನು ಹಿಂದಿನ ಸೀಟು ಹಿಡಿದುಕೊಂಡೆ.

"ಕಾಕಾ, ನಿಲ್ರಿ. ಲೈನ್ ಚಾಲೂ ಅದ ಅಂತ."

"ಹಸರ ಅದ ಅಂದಿ?"

"ಹಸರಂದ್ರ ಚಾಲೂ ಅಲ್ರಿ?"

ಅವರು ಬೈಕಿನಿಂದ ಇಳಿದರು. ಬೈಯಲಿಲ್ಲ. ನನ್ನ ಬರಿಗಾಲು ನೋಡಿ, "ಬಾ ತಂಗಿ," ಎಂದು ಕಚೇರಿ ಹಾಯ್ದು ಹಿಂದಿನ ಶೆಡ್ಡಿಗೆ ಕರೆದುಕೊಂಡು ಹೋದರು. ಆ ಶೆಡ್ಡು ಮೇಜಿನಿಂದ ಇಪ್ಪತ್ತು ಹೆಜ್ಜೆ. ಎರಡು ವರ್ಷದಲ್ಲಿ ನಾನು ಒಮ್ಮೆಯೂ ಅದರೊಳಗೆ ಕಾಲಿಟ್ಟಿರಲಿಲ್ಲ.

ಒಂಬತ್ತು ಪೆಟ್ಟಿಗೆ ಸಾಲಾಗಿದ್ದವು. ಪ್ರತಿಯೊಂದರ ಎದೆಯ ಮೇಲೆ ಎರಡು ಪುಟ್ಟ ದೀಪ. ಎಂಟರ ಮೇಲೆ ಕೆಂಪು ಉರಿಯುತ್ತಿತ್ತು, ಒಂದರ ಮೇಲೆ ಹಸಿರು.

"ಕೆಂಪ ಉರದ್ರ ಒಳಗ ಕರೆಂಟ್ ಅದ ಅಂದಂಗ, ದೂರ ಇರು. ಹಸರ ಉರದ್ರ ಬಂದ್ ಆಗ್ಯದ, ಹೋಗು. ನಾ ಕೆಲಸಕ್ಕ ಸೇರಿದಾಗಿಂದ ಹಿಂಗೇ. ನಾರಾಯಣಪುರಕ್ಕ ಹೋಗು, ಎಲ್ಲಿಗೇ ಹೋಗು, ಪೆಟಗಿ ಮ್ಯಾಲ ಹಿಂಗೇ ಇರ್ತದ."

"ರಸ್ತಾದಾಗ ಹಸರಂದ್ರ ಹೋಗು ಅಂತಲ್ರಿ ಕಾಕಾ. ನಾ ಅದನ್ನೇ ಹಿಡದೆ."

"ಹೋಗು ಅಂತ ಖರೆ. ಆದ್ರ ಯಾರು ಹೋಗೋದು? ಕರೆಂಟ್ ಹೋಗೋದೋ, ಮನಷ್ಯಾ ಹೋಗೋದೋ? ನೀ ಕರೆಂಟಿಗೆ ಹೋಗಂದಿ. ನಾ ನನಗ ಅಂದಿ ಅಂತ ತಿಳಕೊಂಡೆ."

ನಾನು ದೇವಾಪುರದ ಪೆಟ್ಟಿಗೆಯಿಂದ ಎರಡು ಹೆಜ್ಜೆ ಹಿಂದೆ ಸರಿದೆ. ಅದನ್ನು ಕಂಡೇ ಇರಬೇಕು, ಅವರು ದನಿ ತಗ್ಗಿಸಿದರು. "ತಂತಿ ಮುಟ್ಟೂ ಮುಂಚೆ ನಾ ಟೆಸ್ಟರ್ ಹಚ್ಚೇ ಹಚ್ತೀನಿ. ಅಂಜಬ್ಯಾಡ. ಆದ್ರ ಎಲ್ಲಾರೂ ಹಚ್ತಾರ ಅಂತ ಹೇಳಾಕ ಬರಂಗಿಲ್ಲ. ಹೊತ್ತಾಗ್ಯದ ಅಂತ ಒಬ್ಬಾಂವ ಒಂದಿನ ಬಿಡ್ತಾನ. ಆವತ್ತಿಗೆ ಅಂತಾನೇ ಆ ಮೊಳಿ ಅದಾವ."

ಆ ಮೊಳೆಗಳನ್ನೇ ನಾನು ತೆಗೆಸಲು ಹೊರಟಿದ್ದೆ. ಲೋಕವೆಲ್ಲ ಒಪ್ಪುವ ಬಣ್ಣ ಎಂದು ನಾನು ತಿಳಿದದ್ದು ರಸ್ತೆಯಲ್ಲಿ ಹೋಗುವವರು ಒಪ್ಪುವ ಬಣ್ಣ ಅಷ್ಟೇ. ಮೇಜಿನ ಮೇಲೆ ಹಸಿರು, ಇಪ್ಪತ್ತು ಹೆಜ್ಜೆ ಆಚೆ ಅದೇ ಲೈನಿಗೆ ಕೆಂಪು. ಆ ಹೊತ್ತು ನನಗೆ ಬಹಳ ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಕಾಕಾ ಆಪರೇಟರ್ ಕೈಯಿಂದ ಲೈನ್ ಬಂದ್ ಮಾಡಿಸಿ, ಹಳೇ ರೀತಿಯಲ್ಲೇ ಕೀಲಿ ಕಿಸೆಗೆ ಹಾಕಿಕೊಂಡು ಕೆಲಸಕ್ಕೆ ಹೋದರು.

ಬಣ್ಣ ಅದಲುಬದಲು ಮಾಡುವುದು ಎರಡು ನಿಮಿಷದ ಕೆಲಸವಾಗಿತ್ತು, ಟೇಬಲ್ಲಿನಲ್ಲಿದ್ದವಲ್ಲ. ಚಾಲೂಗೆ ಕೆಂಪು, ಬಂದ್‌ಗೆ ಹಸಿರು. ಪರದೆಯ ಮೇಲೆ ಏಳು ಬಟನ್ ಒಟ್ಟಿಗೆ ಕೆಂಪಾದವು. ಅಷ್ಟರಲ್ಲಿ ಸಾಹೇಬರು ಬಂದರು. ನಡೆದದ್ದನ್ನು ಕೇಳಿ ಬೆವರು ಒರೆಸಿಕೊಂಡರು. ಆದರೆ ಪರದೆ ನೋಡಿದ್ದೇ ಅವರ ಮುಖ ಬಾಡಿತು.

"ಇದೇನ್ರಿ ಮೇಡಂ, ಎಲ್ಲಾ ಕೆಂಪು. ಐದು ದಿನಕ್ಕ ಕಂಪನಿ ಮಂದಿ ಬಂದು ನೋಡಿದ್ರ ಎಲ್ಲಾ ಕೆಟ್ಟು ಕುಂತಾವ ಅನ್ನಂಗಿಲ್ಲೇನ್ರಿ? ಅವ್ರು ಬಂದು ಹೋಗೂತನಾ ಹಸರೇ ಇರ್ಲಿ. ಆಮ್ಯಾಲ ಬದಲ್ ಮಾಡ್ರಿ."

"ಆ ಐದು ದಿನ ಲೈನ್‌ಮನ್ನರು ಏನ್ ನೋಡಬೇಕ್ರಿ?"

"ಅವ್ರಿಗೆ ನಾ ಬಾಯಿಲೆ ಹೇಳ್ತೀನಿ."

"ಇವತ್ತೂ ಬಾಯಿಲೇನೇ ಹೇಳಿದ್ರಲ್ರಿ, ಪರದಿ ನೋಡ್ರಿ ಅಂತ. ನಾನೇ ಹೇಳಸಿದೆ, ತಪ್ಪು ನಂದೇ. ಆದ್ರ ಇನ್ನೊಂದು ಸಲ ಮಾಡಂಗಿಲ್ಲ."

ಅವರು ನೀಲಿ ಹಾಕಿದರೆ ಹೇಗೆ ಎಂದರು. ಅದು ಕೆಟ್ಟ ಸಲಹೆಯಾಗಿರಲಿಲ್ಲ. ಚಾಲೂಗೆ ನೀಲಿ, ಯಾರಿಗೂ ನೋವಿಲ್ಲ. ಒಂದು ಕ್ಷಣ ನನಗೂ ಆಸೆಯಾಯಿತು. ಆದರೆ ಶೆಡ್ಡಿನ ದೀಪ ಒಂದು ಮಾತು, ಪರದೆ ಇನ್ನೊಂದು ಮಾತು ಆಡಿದರೆ ಅವಸರದಲ್ಲಿರುವ ಮನುಷ್ಯ ಎರಡನ್ನೂ ಮನಸ್ಸಿನಲ್ಲಿ ತಾಳೆ ಹಾಕುತ್ತ ನಿಲ್ಲಬೇಕಾಗುತ್ತದೆ. ಜೀವದ ಪ್ರಶ್ನೆ ಇರುವ ಕಡೆ ಅಷ್ಟು ಕೆಲಸ ಅವನ ಮೇಲೆ ಹೊರಿಸುವುದು ನನಗೆ ಸರಿ ಕಾಣಲಿಲ್ಲ.

"ಸಾಹೇಬ್ರ, ಪೆಟಗಿ ಮ್ಯಾಲ ಯಾವ ಬಣ್ಣ ಅದನೋ ಪರದಿ ಮ್ಯಾಲೂ ಅದೇ. ಅದಲ್ಲದೆ ಬ್ಯಾರೆ ಬೇಕಂದ್ರ ಬ್ಯಾರೆಯವ್ರ ಕಡಿಂದ ಮಾಡಸ್ಕೊರ್ರಿ. ನಾ ಬರದ ಕೋಡ್ ನಾ ತಗೊಂಡ್ ಹೋಗ್ತೀನಿ."

ಇಷ್ಟು ಖಡಕ್ಕಾಗಿ ಹೇಳಿದೆನೇ ಎಂದು ಆಮೇಲೆ ನನಗೇ ಆಶ್ಚರ್ಯವಾಯಿತು. ಸಾಹೇಬರು ಕಿಟಕಿ ಕಡೆ ನೋಡಿದರು, ಕನ್ನಡಕ ತೆಗೆದರು, ಹಾಕಿಕೊಂಡರು. "ಆತು ಬಿಡ್ರಿ. ಕೇಳಿದ್ರ ನಾ ಏನ್ ಹೇಳ್ಲಿ?" ಎಂದರು. ಶೆಡ್ಡಿಗೆ ಕರೆದುಕೊಂಡು ಹೋಗಿ ದೀಪ ತೋರಿಸಿ ಎಂದೆ.

ಮುಂದಿನ ಐದು ದಿನ ನಿಜವಾದ ಕೆಲಸ ನಡೆಯಿತು. ಬಣ್ಣದ ಜೊತೆ ಪ್ರತಿ ಲೇಬಲ್ ಮೇಲೆ 'ಚಾಲೂ', 'ಬಂದ್', 'ಕೆಲಸ ನಡದದ' ಎಂಬ ಅಕ್ಷರ ಬಂತು. ಫಾರ್ಮಿನಲ್ಲಿ ಬಂದ್ ಎಂದು ಬರೆಯಬೇಕಾದರೆ ಕೀಲಿಕೈ ಮೇಲೆ ಕೊರೆದ ನಂಬರ್ ತುಂಬಲೇಬೇಕು, ಇಲ್ಲವಾದರೆ ಉಳಿಸಲು ಬಿಡುವುದಿಲ್ಲ. ಬಿಲ್ಲೆಯ ನಂಬರ್ ತುಂಬದೆ ಚೀಟಿ ಪ್ರಿಂಟ್ ಆಗುವುದಿಲ್ಲ. ಚೀಟಿ ಪ್ರಿಂಟ್ ಆದರೆ ಮಾತ್ರ ಹಳದಿ. ಒಂದು ಪಾಳಿ ಕಳೆದರೂ ಆಪರೇಟರ್ ಒಂದು ಲೈನನ್ನು ಶೆಡ್ಡಿಗೆ ಹೋಗಿ ನೋಡಿ ಖಾತ್ರಿ ಮಾಡಿರದಿದ್ದರೆ ಆ ಬಟನ್ ಮತ್ತೆ ಬೂದು. ಸಾಹೇಬರಿಗೆ ಬೇಸರ ತರಿಸಿದ್ದ ಆ ಬೂದು ಬಣ್ಣಕ್ಕೆ ಕೊನೆಗೂ ಒಂದು ಅರ್ಥ ಸಿಕ್ಕಿತ್ತು: ಗೊತ್ತಿಲ್ಲ, ಹೋಗಿ ನೋಡು.

ಒಂಬತ್ತು ಕೀಲಿಗಳ ನಂಬರ್ ವಾರದಲ್ಲಿ ಆಪರೇಟರ್‌ಗೆ ಬಾಯಿಪಾಠವಾಗುತ್ತದೆ, ನೋಡದೆಯೂ ತುಂಬಬಹುದು ಎಂಬುದು ನನಗೂ ಗೊತ್ತಿತ್ತು. ಅದಕ್ಕೇ ಮೊಳೆಯ ಹಲಗೆಯನ್ನು ಇನ್ನಷ್ಟು ಬಿಗಿಯಾಗಿ ಕೂರಿಸಿ, ಕಂಪ್ಯೂಟರನ್ನು ಅದರ ಕೆಳಗೆ ಸರಿಸಿದೆವು. ತಲೆ ಎತ್ತಿದರೆ ಮೊಳೆ, ಇಳಿಸಿದರೆ ಪರದೆ. ಎರಡರಲ್ಲಿ ಜಗಳ ಬಂದರೆ ಮೊಳೆಯ ಮಾತೇ ನಡೆಯಬೇಕು ಎಂದು ಸಾಹೇಬರು ಎಲ್ಲರೆದುರು ಹೇಳಿದರು.

ಕಂಪನಿಯವರು ಬಂದರು. ಬಾಗಿಲಲ್ಲೇ ನಿಂತ ಒಬ್ಬರು ಎಲ್ಲ ಯಾಕೆ ಕೆಂಪು ಎಂದು ಕೇಳಿಯೇಬಿಟ್ಟರು. ಸಾಹೇಬರು ಬಾಯಿ ತೆರೆಯುವ ಮೊದಲೇ ಆಪರೇಟರ್, "ಕರೆಂಟ್ ಅದರಿ, ಮೋಟಾರ್ ನಡದಾವು. ಮಂದಿ ಯಾರೂ ಕಂಬದ ಮ್ಯಾಲಿಲ್ಲ," ಎಂದಳು. ಅವರು ತಲೆಯಾಡಿಸಿ, ಚಹಾ ಕುಡಿದು, ಪಂಪ್‌ಹೌಸ್ ನೋಡಲು ಹೋದರು. ಐದು ದಿನ ಸಾಹೇಬರನ್ನು ಕಾಡಿದ ಪ್ರಶ್ನೆ ಅರ್ಧ ನಿಮಿಷದಲ್ಲಿ ಮುಗಿಯಿತು.

ಹದಿಮೂರನೆಯ ದಿನ ನಾನು ಶಹಾಪುರದ ಬಸ್ಸಿಗೆ ಚೀಲ ಕಟ್ಟುತ್ತಿದ್ದಾಗ ಕಾಕಾ ಬಂದರು. ದೇವಾಪುರ ಲೈನಿನಲ್ಲಿ ಇನ್ನೊಂದು ಕಂಬದ ಕೆಲಸ ಉಳಿದಿತ್ತು. ಆಪರೇಟರ್ ಶೆಡ್ಡಿಗೆ ಹೋಗಿ ಬಂದು ಕೀಲಿ ಮೊಳೆಗೆ ಹಾಕಿ ನಂಬರ್ ತುಂಬಿದಳು. ಬಟನ್ ಹಸಿರಾಯಿತು. ಕಾಕಾ ಪರದೆ ನೋಡಿದರು, ತಲೆ ಎತ್ತಿ ಮೊಳೆ ನೋಡಿದರು, ಕೀಲಿಯನ್ನು ಕಿಸೆಗೆ ಇಳಿಸಿ ಬಿಲ್ಲೆ ಸಿಕ್ಕಿಸಿದರು.

"ಈಗ ನಿನ್ನ ಹಸರ ಖರೆ ಅದ, ತಂಗಿ," ಎಂದರು. "ಆದ್ರೂ ಟೆಸ್ಟರ್ ಹಚ್ತೀನಿ. ಸಿಟ್ಟಾಗಬ್ಯಾಡ."

ಚೀಟಿ ಪ್ರಿಂಟ್ ಆಯಿತು. ಬಟನ್ ಹಳದಿಯಾಯಿತು. ಬೈಕು ನಾಲ್ಕನೆಯ ಕಿಕ್ಕಿಗೆ ಎದ್ದಿತು.

ನನ್ನ ಕೆಲಸ ಮುಗಿದಿತ್ತು, ಬಸ್ಸಿನ ಹೊತ್ತೂ ಆಗಿತ್ತು. ಚೀಲ ಹೆಗಲಿಗೆ ಹಾಕಿ ಬಾಗಿಲ ತನಕ ಹೋದವಳು ಮರಳಿ ಬಂದು ಕುಳಿತೆ. ಆಪರೇಟರ್ ತನ್ನ ಡಬ್ಬಿಯ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ನನ್ನ ಮುಂದೆ ಸರಿಸಿದಳು. ಒಂದು ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ನಿಮಿಷಕ್ಕೊಮ್ಮೆ ನನ್ನದೇ ಕೋಡ್ ಓಡಿ, ಒಂಬತ್ತೂ ಲೇಬಲ್‌ಗಳನ್ನು ತಿರುಗಿ ಬಳಿದು, ದೇವಾಪುರವನ್ನು ಹಳದಿಯಾಗಿಯೇ ಬಿಡುತ್ತಿತ್ತು. ಅಮ್ಮಿ ಎಲ್ಲಿದ್ದೀ ಎಂದು ಫೋನ್ ಮಾಡಿದಳು. ಬರುತ್ತೇನೆ, ಒಬ್ಬರು ಕಂಬದಿಂದ ಇಳಿಯಬೇಕು ಎಂದೆ.

ಮೂರೂವರೆಗೆ ಗೇಟಿನ ಬಳಿ ಬೈಕಿನ ಸದ್ದಾಯಿತು. ಕಾಕಾ ಮೈತುಂಬ ಧೂಳು ಹೊತ್ತು ಒಳಗೆ ಬಂದು, ಕೀಲಿಯನ್ನು ಮೊಳೆಗೆ ಹಾಕಿ, ಬಿಲ್ಲೆ ತೆಗೆದುಕೊಂಡು, ಚೀಟಿಯ ಮೇಲೆ ಸಹಿ ಮಾಡಿದರು. ಆಪರೇಟರ್ ಕೀಲಿ ಹಿಡಿದು ಶೆಡ್ಡಿಗೆ ಹೋದಳು. ಮರಳಿ ಬಂದು ಎರಡು ಗುಂಡಿ ಒತ್ತಿದಳು. ದೇವಾಪುರ ಲೈನ್ ಕೆಂಪಾಯಿತು, ನಾನು ಎದ್ದು ಬಸ್ಸಿಗೆ ಹೊರಟೆ.